ಶಷ್ಕುಲಿ, ಚಕ್ಕುಲಿ ಮತ್ತು ಹಬ್ಬದ ಕೊಡುಗೆ

ಗೋಕುಲಾಷ್ಟಮಿಯ ಮರುದಿನ ಬೆಳಗ್ಗೆ ಮನೆಯಿಂದ ಮನೆಗೆ ತಿಂಡಿಯ ತಟ್ಟೆಗಳು ಹೋಗುವ ವಾಡಿಕೆ ಹಳೆಯ ಮೈಸೂರು ಸೀಮೆಯಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಮೇಲೆ ಬಾಳೆಯೆಲೆಯ ತುಂಡು ಅಥವಾ ಒಗೆದ ವಸ್ತ್ರ. ಅದರ ಕೆಳಗೆ ನಾಲ್ಕು ಚಕ್ಕುಲಿ, ನಾಲ್ಕು ಕೋಡುಬಳೆ, ಒಂದು ಹಿಡಿ ತೇಂಗೊಳಲು, ಬದಿಯಲ್ಲಿ ಒಂದೆರಡು ಉಂಡೆ. ತಟ್ಟೆ ಹಿಂದಿರುಗುವಾಗ ಬರಿದಾಗಿರಕೂಡದು. ಒಂದು ಚಮಚ ಸಕ್ಕರೆಯನ್ನಾದರೂ, ಒಂದು ಹಣ್ಣನ್ನಾದರೂ ಇಟ್ಟು ಕಳುಹಿಸುವರು. ಸ್ಮಾರ್ತರ ಮನೆಯಲ್ಲಿ ಅಷ್ಟಮೀತಿಥಿಯನ್ನು ಹಿಡಿದು ನಡೆಯುವ ಹಬ್ಬ, ಶ್ರೀವೈಷ್ಣವರ ಮನೆಯಲ್ಲಿ ರೋಹಿಣೀನಕ್ಷತ್ರಕ್ಕೆ ಪ್ರಾಧಾನ್ಯ ಕೊಟ್ಟು ಶ್ರೀಜಯಂತಿಯೆಂಬ ಹೆಸರಿನಿಂದ ಬೇರೆಯ ದಿವಸ ಬರುವುದು ಅಪರೂಪವಲ್ಲ. ಆಗ ಒಂದೇ ಬೀದಿಯಲ್ಲಿ ತಟ್ಟೆಗಳು ಎರಡು ಸಲ ಸಂಚರಿಸುವುವು. ಪಂಚಾಂಗದ ಈ ಭೇದದ ವಿಷಯದಲ್ಲಿ ಪಂಡಿತರು ಎಷ್ಟೇ ವಾದ ಮಾಡಿರಲಿ, ಮಕ್ಕಳು ಮಾತ್ರ ಆಕ್ಷೇಪವೆತ್ತಿದ್ದಿಲ್ಲ.

ಇಂಥ ಸರ್ವಪರಿಚಿತವಾದ ವಸ್ತುವಿನ ಹೆಸರಿನ ವಿಷಯದಲ್ಲಿ ಪಾಠಶಾಲೆಗಳಲ್ಲಿ ಒಂದು ತಪ್ಪು ವಿವರಣೆ ಬೇರೂರಿದೆ. ಚಕ್ಕುಲಿ ಚಕ್ರಾಕಾರವಾಗಿದೆ, ಶ್ರೀಕೃಷ್ಣನು ಚಕ್ರಧರನು, ಆದಕಾರಣ ಚಕ್ರಶಬ್ದದಿಂದಲೇ ಚಕ್ಕುಲಿಯ ನಿಷ್ಪತ್ತಿ ಎಂದು ಹೇಳುವರು. ಕೇಳುವುದಕ್ಕೆ ಇಂಪಾದ ಮಾತು. ಹಬ್ಬಕ್ಕೂ ತಿಂಡಿಗೂ ಗಂಟು ಹಾಕಿದಂತಾಗುವುದರಿಂದ ವಿದ್ಯಾರ್ಥಿಗಳ ನೆನಪಿನಲ್ಲಿಯೂ ನಿಲ್ಲುತ್ತದೆ. ಆದರೆ ಈ ನಿಷ್ಪತ್ತಿಯನ್ನು ಒಪ್ಪಿದರೆ ಶಬ್ದದ ಉತ್ತರಾರ್ಧವು ಅನಾಥವಾಗುತ್ತದೆ. ಚಕ್ರವು ಚಕ್ಕ ಎಂದಾಗುವುದು ಪ್ರಾಕೃತದಲ್ಲಿ ಪ್ರಸಿದ್ಧವೇ ಸರಿ. ಅದರ ಮೇಲೆ ‘ಉಲಿ’ ಎಂಬುದು ಎಲ್ಲಿಂದ ಬಂತು? ಅದು ಪ್ರತ್ಯಯವೆನ್ನುವವರು ಅದೇ ಪ್ರತ್ಯಯವುಳ್ಳ ಬೇರೆ ತಿಂಡಿಯ ಹೆಸರೊಂದನ್ನು ತೋರಿಸಬೇಕಾಗುತ್ತದೆ, ಹಾಗೆ ತೋರಿಸಿದವರಿಲ್ಲ.

ಕನ್ನಡ ವ್ಯಾಕರಣವನ್ನು ಹಳೆಯ ಕ್ರಮದಲ್ಲಿ ಓದಿದವರಿಗೆ ತದ್ಭವಗಳ ಪಟ್ಟಿಯಲ್ಲಿ ಶಷ್ಕುಲಿ–ಚಕ್ಕುಲಿ ಎಂಬ ಜೋಡಿ ಪರಿಚಿತವಾದದ್ದು. ಬಾಯಿಪಾಠದ ಪಟ್ಟಿಯಲ್ಲಿ ಅದು ಉಳಿದುಕೊಂಡಿದೆ, ಅದರ ಅರ್ಥವಿಚಾರ ಮಾತ್ರ ಮರೆತುಹೋಗಿದೆ. ಧ್ವನಿಪರಿವರ್ತನೆಯ ದೃಷ್ಟಿಯಿಂದ ಈ ಜೋಡಿಗೆ ಯಾವ ಬಾಧಕವೂ ಇಲ್ಲ. ಷಕಾರ ಕಕಾರಗಳ ಸಂಯೋಗವು ಪ್ರಾಕೃತದಲ್ಲಿ ಕಕಾರದ ದ್ವಿತ್ವವಾಗುವುದಕ್ಕೆ ದುಷ್ಕರವು ದುಕ್ಕರವಾದದ್ದು ಸಾಕ್ಷಿ. ಅದರಂತೆ ಶಷ್ಕುಲಿಯು ಅರ್ಧಮಾಗಧಿಯಲ್ಲಿ ಸಕ್ಕುಲಿ ಎಂದಾಗಿದೆ; ಪಾಲಿಯಲ್ಲಿ ಸಕ್ಖಲಿ ಎಂದಿದೆ. ಉಳಿದದ್ದು ಮೊದಲಕ್ಷರದ ಪ್ರಶ್ನೆ. ಶಕಾರವು ಚಕಾರವಾದುದು ಹೇಗೆ? ಪದಾದಿಯ ಊಷ್ಮಾಕ್ಷರಕ್ಕೆ ಛಕಾರವು ಬರುವ ಕೆಲವು ಶಬ್ದಗಳನ್ನು ಪ್ರಾಕೃತ ವೈಯಾಕರಣರು ಪ್ರತ್ಯೇಕವಾಗಿ ಎಣಿಸಿದ್ದಾರೆ. ವರರುಚಿಯು ಷಟ್, ಶಾವಕ, ಸಪ್ತಪರ್ಣಗಳನ್ನು ಹೇಳಿದರೆ, 12ನೆಯ ಶತಮಾನದ ಹೇಮಚಂದ್ರನು ಶಮೀ ಸುಧಾ ಶಬ್ದಗಳನ್ನೂ ಸೇರಿಸಿದ್ದಾನೆ. ಈ ಗಣದಲ್ಲಿ ಶಷ್ಕುಲಿಯ ಹೆಸರಿಲ್ಲವೆಂಬುದು ನಿಜ. ಆದರೆ ಮಾರ್ಗವು ಅಪೂರ್ವವಾದದ್ದಲ್ಲವೆಂದು ತಿಳಿಯುವುದಕ್ಕೆ ಇಷ್ಟು ಸಾಕು. ತೆಲುಗಿನಲ್ಲಿ ಚಕ್ಕಿಲಮು, ಮರಾಠಿಯಲ್ಲಿ ಚಕಲೀ ಎಂಬ ರೂಪಗಳು ಕನ್ನಡದ ಪಕ್ಕದಲ್ಲಿಯೇ ಇವೆ. ಮೂರರಲ್ಲಿಯೂ ಲಕಾರವು ಸ್ಥಿರವಾಗಿ ನಿಂತಿರುವುದನ್ನು ಗಮನಿಸಬೇಕು. ಚಕ್ರವಾದಿಗಳಿಗೆ ಒಂದು ಪಾಲನ್ನು ಬಿಟ್ಟುಕೊಡುವುದಾದರೆ ಇಷ್ಟು ಹೇಳಬಹುದು: ಸಕ್ಕುಲಿಯು ಚಕ್ಕುಲಿಯಾಗುವಾಗ, ಕಣ್ಣೆದುರಿನ ಸುರುಳಿಯ ಆಕಾರವೂ ಚಕ್ರಶಬ್ದದ ನೆನಪೂ ಮೊದಲಕ್ಷರವನ್ನು ತಮ್ಮ ಕಡೆಗೆ ಸೆಳೆದಿರಬಹುದು. ಜನರ ಬಾಯಿಯು ವ್ಯಾಕರಣದ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಶಷ್ಕುಲಿ ಎಂದರೆ ಯಾವ ವಸ್ತು? ಇಲ್ಲಿ ಎಚ್ಚರಿಕೆ ಬೇಕು. ಹೆಸರು ಒಂದೇ ಆದ ಮಾತ್ರಕ್ಕೆ ಪದಾರ್ಥವೂ ಒಂದೇ ಎಂದು ತೀರ್ಮಾನಿಸುವುದು ಆತುರವಾದೀತು. ಸುಶ್ರುತಸಂಹಿತೆಯ ಅನ್ನಪಾನವಿಧಿಯಲ್ಲಿ ಶಷ್ಕುಲಿಗಳು ಕಫಪಿತ್ತಗಳನ್ನು ಹೆಚ್ಚಿಸುವ ಭಕ್ಷ್ಯಗಳೆಂದು ಎಣಿಸಲ್ಪಟ್ಟಿವೆ. ಮೋನಿಯರ್ ವಿಲಿಯಮ್ಸರ ಕೋಶವು (1899) ಅಕ್ಕಿಯ ಹಿಟ್ಟು, ಸಕ್ಕರೆ, ಎಳ್ಳು ಇವುಗಳಿಂದ ಮಾಡಿ ಎಣ್ಣೆಯಲ್ಲಿ ಬೇಯಿಸಿದ ದೊಡ್ಡ ದುಂಡನೆಯ ಭಕ್ಷ್ಯವೆಂದು ಅರ್ಥ ಹೇಳುತ್ತದೆ. ಕೆಲವರು ಪೂರಿಯೆಂದೇ ಅನುವಾದಿಸುವರು. ಅಕ್ಕಿಹಿಟ್ಟು, ಎಳ್ಳು, ಎಣ್ಣೆ ಎಂಬ ಮೂರು ಇಂದಿನ ಚಕ್ಕುಲಿಯಲ್ಲಿಯೂ ಉಂಟು. ಸಕ್ಕರೆ ಹೊರಟುಹೋಗಿ ಉಪ್ಪು ಬಂದಿದೆ, ಉದ್ದು ಸೇರಿದೆ. ಇಂದು ಖಾರದ ತಿಂಡಿಗಳ ಮುಖಂಡನಾಗಿ ಕುಳಿತಿರುವ ಚಕ್ಕುಲಿಯ ಪೂರ್ವಜನು ಸಿಹಿಯಾಗಿದ್ದಿರಬಹುದೆಂಬುದು ಕೆಲವರಿಗೆ ಆಶ್ಚರ್ಯವನ್ನುಂಟುಮಾಡೀತು.

ಆಕಾರದ ವಿಷಯದಲ್ಲಿ ಒಂದು ಸೂಚನೆ ಅಡಿಗೆಯ ಗ್ರಂಥಗಳಲ್ಲಿಲ್ಲದೆ ಶರೀರಶಾಸ್ತ್ರದಲ್ಲಿಯೂ ತರ್ಕಶಾಸ್ತ್ರದಲ್ಲಿಯೂ ಅಡಗಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ 56 ಪ್ರತ್ಯಂಗಗಳನ್ನು ಎಣಿಸುವಲ್ಲಿ ಕರ್ಣಶಷ್ಕುಲಿಕೆ ಎರಡು, ಕರ್ಣಪುತ್ರಕ ಎರಡು ಎಂದು ಬೇರೆಬೇರೆಯಾಗಿ ಹೇಳಿದೆ. ಶ್ರೋತ್ರೇಂದ್ರಿಯವೆಂದರೆ ಕರ್ಣಶಷ್ಕುಲಿಯಿಂದ ಪರಿಚ್ಛಿನ್ನವಾದ ಆಕಾಶವೆಂಬುದು ನ್ಯಾಯಪಾಠವನ್ನು ಆರಂಭಿಸಿದ ಬಾಲಕನಿಗೂ ತಿಳಿದ ಲಕ್ಷಣ. ಆ ಲಕ್ಷಣವನ್ನು ಒಪ್ಪಿಸುವಾಗ ಚಕ್ಕುಲಿಯ ನೆನಪಾಗಿ ನಕ್ಕು ಗುರುಗಳಿಂದ ಬೈಗುಳ ತಿಂದ ವಿದ್ಯಾರ್ಥಿಗಳು ಎಲ್ಲ ಪಾಠಶಾಲೆಗಳಲ್ಲಿಯೂ ಇದ್ದಿರಬೇಕು. ನಗುವು ಅಸ್ಥಾನದ್ದಾದರೂ ತಪ್ಪಲ್ಲ. ಕಿವಿಯ ಹೊರಗಿನ ಮಡಿಕೆಗಳು ಒಂದರೊಳಗೊಂದು ಸುತ್ತಿಕೊಂಡು ನಡುವಿನ ರಂಧ್ರದ ಕಡೆಗೆ ಇಳಿಯುವ ರೀತಿಯನ್ನು ನೋಡಿದವರಿಗೆ, ಆ ಹೆಸರು ಬರಿಯ ಚಪ್ಪಟೆಯಾದ ಪೂರಿಗಿಂತ ಮಡಿಸಿದ ಅಥವಾ ಸುತ್ತಿದ ಭಕ್ಷ್ಯಕ್ಕೆ ಹೆಚ್ಚು ಒಪ್ಪುವುದೆಂದು ತೋರುತ್ತದೆ. ಅಡಿಗೆಮನೆಯ ಹೆಸರು ಶರೀರಕ್ಕೆ ಹೋಯಿತೆ, ಶರೀರದ ಹೆಸರು ಅಡಿಗೆಮನೆಗೆ ಬಂದಿತೆ ಎಂಬುದು ನಿರ್ಣಯವಾಗದೆ ಇದ್ದರೂ, ಎರಡಕ್ಕೂ ಸಾದೃಶ್ಯವೇ ಮೂಲವೆಂಬುದು ಸ್ಪಷ್ಟ. ಇಷ್ಟರಿಂದ ಪ್ರಾಚೀನ ಶಷ್ಕುಲಿಯು ಒರಳಿನಲ್ಲಿ ಒತ್ತಿದ ಇಂದಿನ ಮುಳ್ಳುಚಕ್ಕುಲಿಯೇ ಎಂದು ಸಾಧಿಸಿದಂತಾಗಲಿಲ್ಲ. ಹೆಸರಿನ ಪರಂಪರೆ ಸಿದ್ಧ, ಆಕಾರದ ಪರಂಪರೆ ಸಂಭಾವಿತ, ಎಂದಷ್ಟೇ ಹೇಳತಕ್ಕದ್ದು.

ಹೆಸರಿನ ಚರ್ಚೆಯು ಇಷ್ಟಕ್ಕೇ ಮುಗಿಯುವಂತಿದ್ದರೆ ಅದು ಕೋಶಕಾರರ ಕೆಲಸವಾಗುತ್ತಿತ್ತು. ಚಕ್ರದ ನಿಷ್ಪತ್ತಿಯನ್ನು ಬಿಡುವುದರಿಂದ ಆಗುವ ಲಾಭವು ಬೇರೊಂದಿದೆ. ಶಷ್ಕುಲಿ ಎಂಬ ಹೆಸರನ್ನು ಹಿಡಿದು ಹಿಂದಕ್ಕೆ ನಡೆದರೆ, ಹಬ್ಬದ ತಿಂಡಿಯನ್ನು ನೆರೆಹೊರೆಗೆ ಏಕೆ ಕೊಡಬೇಕೆಂಬ ಪ್ರಶ್ನೆಗೆ ಉತ್ತರವು ಧರ್ಮಶಾಸ್ತ್ರದಲ್ಲಿ ಎದುರಾಗುತ್ತದೆ. ಚಕ್ರವನ್ನು ಹಿಡಿದವರಿಗೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಭಕ್ಷ್ಯಾಭಕ್ಷ್ಯಪ್ರಕರಣವೆಂಬುದೊಂದುಂಟು. ಅಲ್ಲಿ ವರ್ಜ್ಯಪದಾರ್ಥಗಳನ್ನು ಹೇಳುತ್ತ ಹೋದ ಸ್ಮೃತಿಕಾರನು ಕೃಸರ, ಸಂಯಾವ, ಪಾಯಸ, ಅಪೂಪ, ಶಷ್ಕುಲಿ ಎಂಬ ಐದನ್ನು ‘ವೃಥಾ’ ಎಂಬ ವಿಶೇಷಣದೊಡನೆ ಎಣಿಸುತ್ತಾನೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಇಂಥದೇ ನಿಷೇಧವಿದೆ. ಆದರೆ ಅಲ್ಲಿಯ ಎಣಿಕೆಯಲ್ಲಿ ಶಷ್ಕುಲಿಯಿಲ್ಲ. ಎಳ್ಳು ಹೆಸರುಗಳ ಅನ್ನವಾಗಲಿ, ಪಾಯಸವಾಗಲಿ, ಶಷ್ಕುಲಿಯಾಗಲಿ ಸ್ವಭಾವದಿಂದ ನಿಷಿದ್ಧವಾದ ಪದಾರ್ಥಗಳಲ್ಲ. ಬೆಳ್ಳುಳ್ಳಿಯಂತೆ ಅವುಗಳನ್ನು ದೂರವಿಡಬೇಕೆಂದು ಯಾರೂ ಹೇಳಿಲ್ಲ. ದೋಷವು ಪದಾರ್ಥದಲ್ಲಿಲ್ಲ, ಪಾಕದ ಉದ್ದೇಶದಲ್ಲಿದೆ.

ಈ ‘ವೃಥಾ’ ಶಬ್ದವನ್ನು ಬಿಡಿಸಿ ಹೇಳಿದವನು ಕರ್ನಾಟಕದವನೇ ಎಂಬುದು ಪ್ರಕೃತಕ್ಕೆ ಮುಖ್ಯವಾದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಅದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ, ದೇವತೆಗಳೇ ಮೊದಲಾದವರನ್ನು ಉದ್ದೇಶಿಸದೆ ಮಾಡಿದ್ದು ವೃಥಾ ಎಂದು ವಿವರಿಸಿ, ಐದು ಭಕ್ಷ್ಯಗಳನ್ನೂ ಒಂದೊಂದಾಗಿ ಲಕ್ಷಣದೊಡನೆ ಹೇಳುತ್ತಾನೆ. ಅಪೂಪವು ಸ್ನೇಹದಲ್ಲಿ, ಅಂದರೆ ಎಣ್ಣೆತುಪ್ಪಗಳಲ್ಲಿ, ಬೇಯಿಸದ ಗೋಧಿಯ ವಿಕಾರ. ಶಷ್ಕುಲಿಯು ಸ್ನೇಹದಲ್ಲಿ ಬೇಯಿಸಿದ ಗೋಧಿಯ ವಿಕಾರ. ಗೋಧಿಯೆಂದದ್ದರಿಂದ ಅವನ ಕಣ್ಣೆದುರಿಗೆ ಇದ್ದದ್ದು ಅಕ್ಕಿಯ ಚಕ್ಕುಲಿಯಲ್ಲವೆಂದು ಆಕ್ಷೇಪಿಸಬಹುದು, ಆಕ್ಷೇಪ ಸರಿಯೇ. ಅವನಿಗೆ ಬೇಕಾದ ಭೇದಕಧರ್ಮವು ಕರಿಯುವುದು ಮತ್ತು ಕರಿಯದಿರುವುದು. ಧಾನ್ಯವು ಪ್ರದೇಶವನ್ನನುಸರಿಸಿ ಬದಲಾಗುವ ಅಂಶ. ಕಲ್ಯಾಣದ ಸೀಮೆಯಲ್ಲಿ ಗೋಧಿ ಇದ್ದರೆ ತುಂಗಭದ್ರೆಯ ತೆಂಕಣ ಭಾಗದಲ್ಲಿ ಅಕ್ಕಿ ಇದೆ. ವ್ಯವಹಾರಾಧ್ಯಾಯದ ದಾಯಭಾಗಕ್ಕಾಗಿ ಮಿತಾಕ್ಷರೆಯನ್ನು ಭಾರತದ ನ್ಯಾಯಾಲಯಗಳೆಲ್ಲ ಹುಡುಕಿ ಓದಿದುವು. ಅಡಿಗೆಮನೆಗೆ ಸಂಬಂಧಪಟ್ಟ ಈ ಪುಟಗಳನ್ನು ಮಾತ್ರ ಕೇಳುವವರಿಲ್ಲದೆ ಹೋಯಿತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಮಾನಸೋಲ್ಲಾಸವನ್ನು ರಚಿಸಿ, ಅದರ ಅನ್ನಭೋಗದಲ್ಲಿ ಮಂಡಕ, ಪೂರಿಕೆ, ಧೋಸಕ, ವಟಕ, ಇಡರಿಕೆಗಳ ಪಾಕಕ್ರಮವನ್ನು ಹೇಳಿದ್ದಾನೆ. ತಂದೆಯ ಕಾಲದ ಪಂಡಿತನು ಯಾರಿಗಾಗಿ ಕರಿಯಬೇಕೆಂದು ವಿಚಾರ ಮಾಡಿದನು, ಮಗನು ಹೇಗೆ ಕರಿಯಬೇಕೆಂದು ಬರೆದನು. ಒಂದೇ ರಾಜಧಾನಿಯಲ್ಲಿ ಐವತ್ತು ವರ್ಷಗಳೊಳಗೆ ನಡೆದ ಮಾತು ಇದು.

ಅದೇ ಭಕ್ಷ್ಯಾಭಕ್ಷ್ಯಪ್ರಕರಣದಲ್ಲಿ ಕೆಲವೇ ಶ್ಲೋಕಗಳ ಹಿಂದೆ ಇನ್ನೊಂದು ವಿಧಿಯಿದೆ. ಪರ್ಯುಷಿತಾನ್ನ, ಅಂದರೆ ರಾತ್ರಿ ಕಳೆದ ಅನ್ನವು, ಸಾಮಾನ್ಯವಾಗಿ ಅಭೋಜ್ಯ. ಆದರೆ ಸ್ನೇಹದಿಂದ ಕೂಡಿದ್ದಾದರೆ ಬಹುಕಾಲ ಇಟ್ಟದ್ದಾದರೂ ಭೋಜ್ಯವೆಂದು ಯಾಜ್ಞವಲ್ಕ್ಯನು ಅಪವಾದ ಹೇಳುತ್ತಾನೆ. ಗೋಧಿ, ಯವ, ಹಾಲು ಇವುಗಳ ವಿಕಾರಗಳಿಗೆ ಸ್ನೇಹವಿಲ್ಲದಿದ್ದರೂ ಈ ರಿಯಾಯಿತಿ ಉಂಟು. ಮನುವಿನ ಮತವೂ ಇದೇ. ಈ ಎರಡು ವಿಧಿಗಳನ್ನು ಜೊತೆಯಲ್ಲಿಟ್ಟು ನೋಡಿದವರು ಕಡಮೆ. ಒಂದು, ಕರಿದದ್ದನ್ನು ಇಟ್ಟುಕೊಳ್ಳಬಹುದೆನ್ನುತ್ತದೆ. ಇನ್ನೊಂದು, ಕರಿದದ್ದನ್ನು ತನಗೊಬ್ಬನಿಗೇ ಎಂದು ಕರಿಯಬಾರದೆನ್ನುತ್ತದೆ. ಇಟ್ಟುಕೊಳ್ಳಬಹುದಾದ, ಆದರೆ ತನಗಾಗಿಯೇ ಇಟ್ಟುಕೊಳ್ಳಬಾರದ ಪದಾರ್ಥವನ್ನು ಏನು ಮಾಡಬೇಕು? ದೇವರಿಗೆ ತೋರಿಸಿ ಇತರರಿಗೆ ಕೊಡಬೇಕು. ಹಬ್ಬದ ತಟ್ಟೆಯ ಸಂಚಾರಕ್ಕೆ ಇದಕ್ಕಿಂತ ಸಂಕ್ಷೇಪವಾದ ವ್ಯಾಖ್ಯಾನವನ್ನು ಕಾಣುವುದು ಕಷ್ಟ.

ಕೃಷ್ಣಜನ್ಮೋತ್ಸವಕ್ಕೂ ಕರಿದ ತಿಂಡಿಗೂ ಇರುವ ವಿಶೇಷ ನಂಟಿಗೆ ಇಲ್ಲಿಯೇ ಕಾರಣವನ್ನು ಊಹಿಸಬಹುದಾಗಿದೆ. ರಾಮನವಮಿಗೆ ಪಾನಕ ಕೋಸಂಬರಿ, ಯುಗಾದಿಗೆ ಹೋಳಿಗೆ, ಗಣೇಶನಿಗೆ ಕಡುಬು. ಅವೆಲ್ಲ ಮಧ್ಯಾಹ್ನದ ಒಳಗೆ ನಿವೇದಿತವಾಗಿ ಆ ಹಗಲಿನಲ್ಲಿಯೇ ವಿನಿಯೋಗವಾಗತಕ್ಕವು. ಶ್ರಾವಣ ಬಹುಳಾಷ್ಟಮಿಯ ಪೂಜೆಯು ನಡುರಾತ್ರಿಯದು. ಹಗಲೆಲ್ಲ ಉಪವಾಸ, ಚಂದ್ರೋದಯವಾದ ಮೇಲೆ ಅರ್ಘ್ಯ, ನಿವೇದನ, ಪಾರಣೆಯು ಮಾರನೆಯ ಬೆಳಗ್ಗೆ. ರಾತ್ರಿ ನಿವೇದಿಸಿದ ಅನ್ನ ಪಾಯಸಗಳು ಬೆಳಗಾಗುವಷ್ಟರಲ್ಲಿ ಪರ್ಯುಷಿತದೋಷಕ್ಕೆ ಒಳಗಾಗುವುವು. ಆ ರಾತ್ರಿಯನ್ನು ದೋಷವಿಲ್ಲದೆ ದಾಟಿ ಬೆಳಗಿನ ತಟ್ಟೆಗೆ ಬರಬಲ್ಲದ್ದು ಎಣ್ಣೆತುಪ್ಪಗಳಲ್ಲಿ ಬೆಂದ ಭಕ್ಷ್ಯ ಮಾತ್ರ. ಶಾಸ್ತ್ರಗ್ರಂಥಗಳಲ್ಲಿ ಹೀಗೆಂದು ಬಾಯಿಬಿಟ್ಟು ಹೇಳಿಲ್ಲ; ಎರಡು ವಿಧಿಗಳಿಂದಲೂ ಪೂಜಾಕಾಲದಿಂದಲೂ ಮಾಡಿದ ಅನುಮಾನವಿದು. ಕೃಷ್ಣನಿಗೆ ಬಾಲ್ಯದಲ್ಲಿ ಕುರುಕುವುದು ಪ್ರಿಯವಾಗಿತ್ತೆಂಬ ಅಜ್ಜಿಯರ ಕಾರಣವನ್ನು ಇದು ತಳ್ಳಿಹಾಕುವುದಿಲ್ಲ. ಉಡುಪಿಯಲ್ಲಿಯೂ ಅಷ್ಟಮಿಯ ರಾತ್ರಿಯ ಅರ್ಘ್ಯವಾದ ಮೇಲೆ ಮರುದಿನ ವಿಟ್ಲಪಿಂಡಿಯ ಉತ್ಸವದಲ್ಲಿಯೇ ಚಕ್ಕುಲಿ ಉಂಡೆಗಳು ಜನರ ಕೈಗೆ ಸೇರುವುದು. ಮಠದ ಅಡಿಗೆಯವರು ಅವನ್ನು ಮೊದಲೇ ಸಾವಿರಗಟ್ಟಳೆಯಾಗಿ ಮಾಡಿಡುವರು.

ನೈವೇದ್ಯವಾಗುವವರೆಗೆ ರುಚಿ ನೋಡಕೂಡದೆಂಬ ನಿಯಮವು ಈ ತಿಂಡಿಗಳ ಪಾಕವಿದ್ಯೆಯನ್ನು ರೂಪಿಸಿದ ರೀತಿಯೂ ವಿಚಾರಕ್ಕೆ ಯೋಗ್ಯವಾದದ್ದು. ಉಪ್ಪು ಹೆಚ್ಚಾಯಿತೆ ಕಡಮೆಯಾಯಿತೆ ಎಂದು ನಾಲಗೆಯ ಮೇಲಿಟ್ಟು ನೋಡುವಂತಿಲ್ಲ. ಆದ್ದರಿಂದ ಎಲ್ಲವೂ ಅಳತೆಯಿಂದಲೂ, ಕಣ್ಣು ಮೂಗು ಕೈಗಳಿಂದಲೂ ನಡೆಯಬೇಕು. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಎಂಬುದು ಸಾಧಾರಣವಾದ ಲೆಕ್ಕ. ಅಕ್ಕಿಯನ್ನು ತೊಳೆದು ನೆರಳಿನಲ್ಲಿ ಆರಿಸುವರು. ಉದ್ದನ್ನು ಪರಿಮಳ ಏಳುವವರೆಗೆ ಹುರಿದು, ಎರಡನ್ನೂ ನುಣ್ಣಗೆ ಬೀಸಿ ಜರಡಿ ಹಿಡಿಯುವರು. ಉದ್ದು ಕಡಮೆಯಾದರೆ ಎಳೆಗಳು ಸುತ್ತುವಾಗಲೇ ತುಂಡಾಗುವುವು. ಹೆಚ್ಚಾದರೆ ಚಕ್ಕುಲಿ ಎಣ್ಣೆ ಕುಡಿದು ಮೆತ್ತಗಾಗುವುದು. ಬೆಣ್ಣೆಯನ್ನಾಗಲಿ ಕಾದ ಎಣ್ಣೆಯನ್ನಾಗಲಿ ಹಿಟ್ಟಿಗೆ ತಿಕ್ಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ತಾಗಿದರೆ ಉದುರುವ ಹದವನ್ನು ನೋಡುವರು. ಎಳ್ಳು, ಜೀರಿಗೆ, ಇಂಗಿನ ನೀರು ಸೇರಿಸಿ ಕಲಸಿ ಒರಳಿಗೆ ತುಂಬಿ ಒತ್ತುವರು. ಒರಳಿನ ಬಿಲ್ಲೆಯ ರಂಧ್ರವು ನಕ್ಷತ್ರದಂತಿದ್ದರೆ ಮುಳ್ಳೆದ್ದ ಚಕ್ಕುಲಿ, ದುಂಡಗಿದ್ದರೆ ತೇಂಗೊಳಲು. ಬಾಣಲೆಯಲ್ಲಿ ಎಣ್ಣೆಯ ಮೇಲಣ ಗುಳ್ಳೆಗಳೂ ಸದ್ದೂ ಅಡಗಿದಾಗ ಒಳಗಿನ ನೀರು ಆರಿತೆಂದು ತಿಳಿದು ತೆಗೆಯುವರು. ಉರಿ ಜೋರಾದರೆ ಹೊರಗೆ ಕೆಂಪೇರಿ ಒಳಗೆ ತೇವ ಉಳಿಯುವುದು. ಅಂಥ ಚಕ್ಕುಲಿ ಎರಡೇ ದಿನದಲ್ಲಿ ಮೆತ್ತಗಾಗಿ ಕೊಟ್ಟ ಮನೆಯ ಹೆಸರನ್ನು ಕೆಡಿಸುವುದು. ಸ್ನೇಹಪಕ್ವವು ಬಹುಕಾಲ ನಿಲ್ಲುವುದೆಂಬ ಸ್ಮೃತಿವಾಕ್ಯದ ಭೌತಿಕಕಾರಣವು ಈ ಸದ್ದಡಗುವುದರಲ್ಲಿಯೇ ಇದೆ: ನೀರು ಹೋದಲ್ಲಿ ಕೊಳೆಯುವಿಕೆಗೆ ಎಡೆಯಿಲ್ಲ.

ತೇಂಗೊಳಲು ಎಂಬ ಹೆಸರಿನಲ್ಲಿ ತೆಂಗನ್ನು ಹುಡುಕುವವರುಂಟು. ಅದರಲ್ಲಿ ತೆಂಗೂ ಇಲ್ಲ, ಹೆಸರಿಗೂ ತೆಂಗಿಗೂ ಸಂಬಂಧವಿಲ್ಲ. ತಮಿಳಿನಲ್ಲಿ ತೇನ್ ಎಂದರೆ ಜೇನು, ಕುೞಲ್ ಎಂದರೆ ಕೊಳವೆ. ತೇನ್‌ಕುೞಲ್ ಎಂಬ ಸಮಾಸವು ಕನ್ನಡದ ಬಾಯಿಗೆ ಬಂದಾಗ ಕುೞಲ್ ಕೊಳಲಾಗಿ, ಕಕಾರಕ್ಕೆ ಗಕಾರವು ಆದೇಶವಾಗಿ ತೇಂಗೊಳಲು ಎಂದಾಯಿತು. ಕನ್ನಡದಲ್ಲಿ ಜೇನಿಗೆ ಜೇನೆಂದೇ ಹೆಸರಾದ್ದರಿಂದ ಪೂರ್ವಪದವು ತಮಿಳಿನಿಂದ ಬಂದದ್ದೆಂಬುದು ಸ್ಪಷ್ಟ. ಈ ತಿಂಡಿಯು ಶ್ರೀವೈಷ್ಣವರ ಮನೆಗಳಲ್ಲಿ ವಿಶೇಷವಾಗಿ ಬೆಳೆದಿರುವುದಕ್ಕೂ ಇದು ಹೊಂದುತ್ತದೆ. ಉಪ್ಪಿನ ತಿಂಡಿಗೆ ಜೇನಿನ ಹೆಸರೇಕೆ? ಶಷ್ಕುಲಿಯಲ್ಲಿ ಹಿಂದೆ ಸಕ್ಕರೆಯಿದ್ದಂತೆ ಇದಕ್ಕೂ ಒಂದು ಸಿಹಿಯಾದ ಪೂರ್ವಾವಸ್ಥೆ ಇತ್ತೆಂದು ಊಹಿಸಲು ಮನಸ್ಸಾಗುತ್ತದೆ. ಆದರೆ ಹೊನ್ನಿನ ಬಣ್ಣವನ್ನು ಕಂಡು ಇಟ್ಟ ಹೆಸರೂ ಆಗಿರಬಹುದು. ಕೋಡುಬಳೆಯ ವಿಷಯದಲ್ಲಿ ಇಂಥ ತೊಡಕಿಲ್ಲ. ಕೋಡೂ ಬಳೆಯೂ ಅಚ್ಚಗನ್ನಡದ ಮಾತುಗಳು, ಆಕಾರವೂ ಕಣ್ಣೆದುರಿಗಿದೆ. ಅದರ ಕೆಂಪು ಖಾರ ಮಾತ್ರ ಹೊಸದು. ಮೆಣಸಿನಕಾಯಿಯು ಅಮೆರಿಕಾಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಬಂದದ್ದು. ಆ ಶತಮಾನದ ಆದಿಭಾಗದಲ್ಲಿ ವಾರ್ಧಕಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನಿಗೆ ಖಾರವೆಂದರೆ ಕರಿಮೆಣಸು ಶುಂಠಿಗಳೇ.

ಕೊಡುಗೆಯ ಹೆಸರುಗಳಲ್ಲಿಯೂ ಇದೇ ಬಗೆಯ ಪಲ್ಲಟ ಕಾಣಬರುತ್ತದೆ. ಭಾದ್ರಪದ ಶುದ್ಧ ತದಿಗೆಯ ಗೌರೀಹಬ್ಬದಲ್ಲಿ ಮುತ್ತೈದೆಯರು ಕೊಡುವ ಬಾಗಿನವು ಸಂಸ್ಕೃತದ ವಾಯನದ ತದ್ಭವ. ವಕಾರವು ಬಕಾರವಾಗುವುದು ಕನ್ನಡದಲ್ಲಿ ನಿತ್ಯದ ವ್ಯವಹಾರ, ಬಾಯಿನ ಎಂಬ ನಡುವಣ ರೂಪವೂ ಬಳಕೆಯಲ್ಲಿದೆ. ವಾಯನವೆಂದರೆ ವ್ರತೋತ್ಸವಗಳಲ್ಲಿ ಕೊಡುವ ಭಕ್ಷ್ಯವೆಂದೇ ಮೂಲಾರ್ಥ. ಇಂದಿನ ಬಾಗಿನದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಸಿನ ಕುಂಕುಮಗಳಿರುವುವು; ಬೇಯಿಸಿದ ಅಥವಾ ಕರಿದ ವಸ್ತು ಇರುವುದಿಲ್ಲ. ಭಕ್ಷ್ಯದ ಹೆಸರು ಹಸಿಯ ಧಾನ್ಯಕ್ಕೆ ಸಂದಿದೆ. ಅನಂತವ್ರತದಲ್ಲಿ ಮಾತ್ರ ಹಳೆಯ ಕ್ರಮವು ಕಥಾಭಾಗದಲ್ಲಿ ಉಳಿದಿದೆ: ಪ್ರಸ್ಥಪ್ರಮಾಣದ ಹಿಟ್ಟಿನಿಂದ ಅಪೂಪ ಮಾಡಿ ಅರ್ಧವನ್ನು ಬ್ರಾಹ್ಮಣನಿಗೆ ಕೊಟ್ಟು ಅರ್ಧವನ್ನು ತಾನು ತಿನ್ನಬೇಕು. ವೃಥಾಪಾಕದ ನಿಷೇಧವನ್ನು ಲೆಕ್ಕದ ಭಾಷೆಯಲ್ಲಿ ಹೇಳಿದರೆ ಹೀಗಾಗುತ್ತದೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಚಕ್ಕುಲಿ, ಚೂಡಾ, ಶೇವು, ಕರಚಿಕಾಯಿ, ಶಂಕರಪಾಳಿಗಳನ್ನು ಮಾಡಿ ನೆಂಟರಿಷ್ಟರಿಗೆ ಕಳುಹಿಸುವ ತಟ್ಟೆಗೆ ಫರಾಳವೆಂದು ಹೆಸರು. ಮರಾಠಿಯ ನೆರೆಯಿಂದ ಬಂದ ಈ ಮಾತಿನ ಮೂಲವು ಫಲಾಹಾರ. ಹಣ್ಣುಹಂಪಲಿನಿಂದ ಉಪವಾಸ ಕಳೆಯುವುದಕ್ಕೆ ಇದ್ದ ಹೆಸರನ್ನು ಎಣ್ಣೆಯಲ್ಲಿ ಮಿಂದ ಇಷ್ಟೊಂದು ತಿಂಡಿಗಳು ಹೊತ್ತುಕೊಂಡಿರುವುದನ್ನು ನೋಡಿದರೆ ಅರ್ಥಪಲ್ಲಟಕ್ಕೆ ಇದಕ್ಕಿಂತ ರುಚಿಕರವಾದ ಉದಾಹರಣೆಯನ್ನು ತರಗತಿಯಲ್ಲಿ ಕೊಡುವುದು ಕಷ್ಟ.

ಹಸಿಯದು, ಕರಿದದ್ದು, ಬೇಯಿಸಿದ್ದು ಎಂಬ ಈ ವಿಭಾಗದ ಹಿಂದೆ ಇನ್ನೊಂದು ವಿಷಯವಿದೆ. ಅದನ್ನು ಮುಚ್ಚಿಡುವುದು ವಿಚಾರಕ್ಕೆ ಸಲ್ಲದು. ಅನ್ನ ಸಾರುಗಳು ಮುಸುರೆ. ಅವು ಮನೆಯ ಹೊಸಿಲನ್ನು ದಾಟಿ ಬೇರೆ ಕುಲದ ಮನೆಯಿಂದ ಬರುವಂತಿರಲಿಲ್ಲ. ಕರಿದದ್ದು ಹಲವು ಮನೆಗಳ ಲೆಕ್ಕದಲ್ಲಿ ಮುಸುರೆಯಲ್ಲ. ಕಟ್ಟುನಿಟ್ಟಿನವರು ನೀರಿನ ಬದಲು ಹಾಲಿನಲ್ಲಿ ಹಿಟ್ಟನ್ನು ಕಲಸಿ ಸಂಶಯವನ್ನು ಕಳೆದುಕೊಳ್ಳುತ್ತಿದ್ದರು. ಹೀಗೆ ಅನ್ನವು ಹೋಗಲಾರದ ಕಡೆಗೆ ಚಕ್ಕುಲಿ ಹೋಯಿತು. ಚಕ್ಕುಲಿಯೂ ಹೋಗದಿದ್ದ ಮನೆಗಳಿಗೆ ಅಕ್ಕಿ ಬೇಳೆಗಳು ಹೋದುವು. ಅದೂ ತಲಪದ ಕೇರಿಗಳಿದ್ದುವು. ಸ್ಮೃತಿಯ ಪರ್ಯುಷಿತವಿಧಿಯಲ್ಲಿ ಕಾಲದ ಮಾತಿದೆಯೇ ಹೊರ್ತು ಈ ಮೆಟ್ಟಿಲುಗಳಿಲ್ಲ. ಕರಿದ ಪದಾರ್ಥದ ರಿಯಾಯಿತಿಯ ಮೇಲೆ ಮೆಟ್ಟಿಲುಗಳನ್ನು ಕಟ್ಟಿದ್ದು ರೂಢಿ. ವೃಥಾಶಬ್ದದ ವ್ಯಾಖ್ಯಾನವನ್ನು ಬಲ್ಲವರು, ತಟ್ಟೆ ಯಾವ ಮನೆಯವರೆಗೆ ಹೋಗಿ ನಿಂತಿತೆಂಬುದನ್ನೂ ನೋಡಬೇಕಾಗುತ್ತದೆ.

ಈಚೆಗೆ ಹಬ್ಬದ ಚಕ್ಕುಲಿಯನ್ನು ಅಂಗಡಿಯಿಂದ ತಂದು ಹಂಚುವುದು ಹೆಚ್ಚಾಗಿ, ಮನೆಯಲ್ಲಿ ಮಾಡುವವರು ಕಡಮೆಯಾಗಿದ್ದಾರೆಂಬ ಕೊರಗು ಎಲ್ಲೆಡೆಯಲ್ಲಿಯೂ ಕೇಳಬರುತ್ತದೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಇದಕ್ಕಾಗಿ ನಿಂದಿಸುವವರೂ ಉಂಟು. ಒರಳು ಒತ್ತಿದ ತೋಳಿನ ನೋವನ್ನು ಅನುಭವಿಸದವರೇ ಅವರಲ್ಲಿ ಹೆಚ್ಚು. ವಿಜ್ಞಾನೇಶ್ವರನ ವ್ಯಾಖ್ಯಾನವನ್ನು ಅಕ್ಷರಶಃ ಹಿಡಿದರೆ ದೋಷವು ಉದ್ದೇಶವಿಲ್ಲದ ಪಾಕಕ್ಕೆ ಹೇಳಿದ್ದು; ಯಾರ ಕೈ ಒರಳನ್ನು ತಿರುಗಿಸಿತೆಂಬುದಕ್ಕೆ ಅಲ್ಲಿ ಪ್ರಸಕ್ತಿಯಿಲ್ಲ. ಮನೆಯಲ್ಲಿಯೇ ಕರಿದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ ಚಕ್ಕುಲಿ ವೃಥಾ. ಕೊಂಡು ತಂದು ನಿವೇದಿಸಿ ಹಂಚಿದ್ದು ವೃಥಾ ಅಲ್ಲ. ಇದು ಕೆಲವರಿಗೆ ಸಮಾಧಾನವನ್ನೂ ಕೆಲವರಿಗೆ ಅಸಮಾಧಾನವನ್ನೂ ತರುವ ಮಾತು.

ಅಂಗಡಿಯ ಚಕ್ಕುಲಿಯು ಹೊಸ ಕಾಲದ ಕೆಡುಕೆಂದು ತಿಳಿಯುವುದಕ್ಕೂ ಆಧಾರವಿಲ್ಲ. ಶ್ವೇತಾಂಬರ ಜೈನರ ದಶವೈಕಾಲಿಕಸೂತ್ರದ ಐದನೆಯ ಅಧ್ಯಯನವು ಭಿಕ್ಷಾನಿಯಮಗಳನ್ನು ಹೇಳುವಂಥದು. ಭಿಕ್ಷುವು ಸ್ವೀಕರಿಸಬಾರದ ವಸ್ತುಗಳನ್ನು ಎಣಿಸುತ್ತ, ಅಂಗಡಿಯಲ್ಲಿ ಮಾರಾಟಕ್ಕೆ ಹರಡಿ ಧೂಳು ತಾಗಿದ ಹುಡಿಹಿಟ್ಟು, ಕಾಕಂಬಿ, ಅಪೂಪಗಳ ನಡುವೆ ಸಕ್ಕುಲಿಯನ್ನೂ ಅದು ಹೆಸರಿಸುತ್ತದೆ. ಕೊಡಬಂದ ಗೃಹಿಣಿಗೆ, ಇಂಥದು ತನಗೆ ಸಲ್ಲದೆಂದು ಭಿಕ್ಷುವು ಹೇಳಬೇಕು. ಅಂದರೆ ಮನೆಯಲ್ಲಿ ಮಾಡದೆ ಬೀದಿಯಿಂದ ತಂದ ಸಕ್ಕುಲಿಯನ್ನು ಕೊಡುಗೆಯಾಗಿ ನೀಡುವ ಗೃಹಿಣಿಯು ಆ ಸೂತ್ರಕಾರನ ಕಾಲದಲ್ಲಿಯೇ ಇದ್ದಳು. ಅವಳ ಕೈಯ ಸಕ್ಕುಲಿಯನ್ನು ಭಿಕ್ಷುವು ನಿರಾಕರಿಸಿದ್ದು ಧೂಳಿನ ಕಾರಣದಿಂದ.